ಎರಡೂ ಎಡತೋಳು

ಗಿರಿಜಾಂಬ ಮೇಡಮ್ಮಿನ ನವಿಲುಬಣ್ಣದ ಕುಪ್ಪಸಕ್ಕೆ
ಎರಡೂ ಎಡತೋಳು ಹೊಲಿದುಬಿಟ್ಟಿದ್ದೆ.
ಮೂವತ್ತೊಂದು ವರ್ಷದ ಕಸುಬಿನಲ್ಲಿ ಮೊದಲ ಸಲ.
ಅವರು ಬಯ್ಯಲಿಲ್ಲ. ಕನ್ನಡಿಯ ಮುಂದೆ ನಿಂತು
ಬಲಗೈ ಎತ್ತಿದರು, ಬಟ್ಟೆ ಹಿಡಿಯಿತು.
ಇಳಿಸಿದರು, ಆಗಲೂ ಹಿಡಿಯಿತು.
"ಗ್ಯಾನ ಎಲ್ಲಿತ್ತು ಫಿಲ್ಲಕ್ಕ?"
ಅಂದರು, ಅಷ್ಟೇ.

ಎಲ್ಲಿತ್ತು ಅಂತ ನನಗೆ ಗೊತ್ತಿತ್ತು.
ಮಿಷನ್ನಿನ ಪಕ್ಕ ದಾರದುಂಡೆಗೆ ಒರಗಿಸಿಟ್ಟ
ಅಂಗೈಯಗಲದ ಬೆಳಕಿನಲ್ಲಿ
ಒಬ್ಬಳು ಕೇಕು ಕೊಯ್ಯುತ್ತಿದ್ದಳು,
ಯಾವ ಊರಿನದೋ ಬೆಕ್ಕು ಕಪಾಟಿನಿಂದ ಬಿತ್ತು,
ಅದರ ಬೆನ್ನಿಗೇ ಭೂಕಂಪ,
ಭೂಕಂಪದ ಬೆನ್ನಿಗೆ ಸೊಂಟನೋವಿನ ಎಣ್ಣೆ.
ಅಳು ಬರುವಷ್ಟರಲ್ಲಿ ನಗು,
ನಗು ಮುಗಿಯುವ ಮೊದಲೇ ಇನ್ನೊಂದು.
ಬಾಬಿನ್ನಿನಲ್ಲಿ ದಾರವೇ ಇಲ್ಲದ ಹೊಲಿಗೆ ಅದು:
ಮೇಲೆ ಚೆಂದ ಓಡುತ್ತದೆ,
ಸಂಜೆ ಎಳೆದು ನೋಡಿದರೆ ಇಡೀ ದಿನ ಬಿಚ್ಚಿಕೊಂಡು ಬರುತ್ತದೆ.

ಅದೇ ವಾರ ಅದು ಚಹಾದ ಲೋಟದೊಳಗೆ ಬಿತ್ತು.
ನಾನೇ ಬೀಳಿಸಿದೆ ಅಂತ ನಾಗವೇಣಿ ಈಗಲೂ ಹೇಳುತ್ತಾಳೆ.
ಇರಲಿ.
ದುರ್ಗಿಗುಡಿ ಅಡ್ಡರಸ್ತೆಯ ಅಸ್ಗರ್ ಅದರ ಬೆನ್ನು ಬಿಚ್ಚಿ
ಒಳಗಿನ ಸಕ್ಕರೆಪಾಕ ನೋಡಿ
ದೊಡ್ಡಾಸ್ಪತ್ರೆ ಡಾಕ್ಟರ ಹಾಗೆ ಮುಖ ಮಾಡಿ
"ಹನ್ನೊಂದು ದಿನ ಬೇಕಕ್ಕ" ಅಂದ.

ಮೊದಲ ದಿನ ಹೆಬ್ಬೆರಳು ಸುಮ್ಮನಿರಲಿಲ್ಲ.
ಲೈನಿಂಗ್ ಬಟ್ಟೆಯ ಮೇಲೆ, ತಟ್ಟೆಯ ರೊಟ್ಟಿಯ ಮೇಲೆ
ಮೇಲಕ್ಕೆ, ಮೇಲಕ್ಕೆ ತಳ್ಳುತ್ತಲೇ ಇತ್ತು.
ರಾತ್ರಿ ಜಪಸರ ಹಿಡಿದರೆ
ಪ್ರಾರ್ಥನೆ ಅರ್ಧವಾಗುವ ಮೊದಲೇ ಮುಂದಿನ ಮಣಿಗೆ ಜಾರಿತು.
ಎರಡನೆಯ ದಿನ ತಲೆನೋವು.
ಮೂರನೆಯ ದಿನ ಜಗಳ: ನಾಗವೇಣಿಯ ಜೊತೆ,
ಕತ್ತರಿಯ ಜೊತೆ, ಸೂಜಿಯ ಕಣ್ಣಿನ ಜೊತೆ.

ನಾಲ್ಕನೆಯ ಸಂಜೆ ಮಾಡಲು ಏನೂ ತೋಚದೆ
ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಕೂತೆ.
ತುಂಗೆ ಏನನ್ನೂ ತೋರಿಸಲಿಲ್ಲ.
ತೋರಿಸಲೇಬೇಕೆಂಬ ಹಟ ಅವಳಿಗಿಲ್ಲ.
ಹುಡುಗನೊಬ್ಬ ಸೈಕಲ್ಲು ಮಲಗಿಸಿ ಚಕ್ರ ತೊಳೆಯುತ್ತಿದ್ದ,
ಒಂದೊಂದೇ ಕಡ್ಡಿ, ಹಳೇ ಬನಿಯನ್ನಿನ ತುಂಡಿನಲ್ಲಿ.
ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ?
ಆದರೆ ಬೇಜಾರು ಬಂದು ಎಷ್ಟು ಕಾಲವಾಗಿತ್ತು!
ತವರಿನವರ ಹಾಗೆ ಚಪ್ಪಲಿ ಬಿಟ್ಟು ಪಕ್ಕದಲ್ಲೇ ಕೂತಿತು.
ಇಬ್ಬರೂ ಸೇರಿ ಕಡ್ಡಿ ಎಣಿಸಿದೆವು:
ಮುಂದಿನ ಚಕ್ರಕ್ಕೆ ಮೂವತ್ತೆರಡು, ಹಿಂದಿನದಕ್ಕೆ ನಲವತ್ತು.
ನಿಮಗೆ ಗೊತ್ತಿತ್ತೇ?

ಏಳನೆಯ ದಿನವೋ ಎಂಟನೆಯದೋ, ಕಿವಿ ಬಿಟ್ಟಿತು.
ಸೂಜಿ ರೇಷ್ಮೆಗೆ ಇಳಿಯುವ ಸದ್ದೇ ಬೇರೆ, ವಾಯಿಲಿಗೆ ಇಳಿಯುವುದೇ ಬೇರೆ.
ಕಸುಬು ಕಲಿಸಿದ ಸೆರಾಫಿನ್ ಬಾಯಿ
ಒಳಮನೆಯಲ್ಲಿ ಕಾಫಿ ಸೋಸುತ್ತಲೇ ಕೂಗಿ ಹೇಳುತ್ತಿದ್ದಳು,
"ಅದು ಪಾಲಿಸ್ಟರ್, ನಿಧಾನ ತುಳಿ!"
ಮರೆತೇಹೋಗಿತ್ತು.
ಆವತ್ತು ಗಿರಿಜಾಂಬ ಮೇಡಮ್ಮಿನ ಕುಪ್ಪಸ ಬಿಚ್ಚಿದೆ.
ಉಳಿದ ತುಂಡಿಗೆ ಕಂಕುಳಲ್ಲಿ ಯಾರಿಗೂ ಕಾಣದ ಜೋಡಣೆ ಕೊಟ್ಟು
ಬಲಗೈಗೆ ಬಲತೋಳು ಕತ್ತರಿಸಿದೆ.
ಹುಕ್ಕಿಗೆ ಐದು ಸುತ್ತು ದಾರ;
ಐದೂ ಸುತ್ತಿನಲ್ಲಿ ನಾನಿದ್ದೆ.

ಹತ್ತನೆಯ ದಿನ ಅಸ್ಗರನ ಅಂಗಡಿ ಹುಡುಗ ಬಂದ:
"ಫೋನ್ ರೆಡಿ ಅಂತೆ, ಒಂದು ದಿನ ಮೊದಲೇ."
ಒಂದು ದಿನ ಮೊದಲೇ!
ಸಿಟ್ಟು ಬಂತು, ನನ್ನ ಗಲ್ಲಾದಿಂದ ಕದ್ದ ಹಾಗೆ.
"ನಾಳೆ ಬರ್ತಾಳೆ ಅನ್ನು" ಅಂದೆ.

ಈಗ ಅದು ಗುಂಡಿ ತುಂಬಿದ ಬಿಸ್ಕತ್ತಿನ ಡಬ್ಬಿಯಲ್ಲಿದೆ.
ಮುಚ್ಚಳ ಬಿಗಿ, ತೆಗೆಯಲು ಎರಡೂ ಕೈ ಬೇಕು.
ಕರೆ ಬಂದರೆ ಗುಂಡಿಗಳೆಲ್ಲ ಗಿಲಗಿಲ ನಡುಗುತ್ತವೆ,
ತುಳಿಯುತ್ತಿದ್ದ ಸಾಲು ಮುಗಿಸಿ ಏಳುತ್ತೇನೆ.
ಕೆಲವು ರಾತ್ರಿ ಡಬ್ಬಿ ತೆರೆದೇ ಇರುತ್ತದೆ, ಅದೂ ನಿಜ.

ಮೇಡಮ್ಮು ಕನ್ನಡಿಯ ಮುಂದೆ ಬಲಗೈ ಎತ್ತಿದರು.
ಅದು ಹಾಗೇ ಮೇಲೇರಿ
ತುರುಬಿನ ಹೂವು ಸರಿಮಾಡಿ ಇಳಿಯಿತು.
ಕುಪ್ಪಸದ ಮಾತೇ ಬರಲಿಲ್ಲ.

ಈ ಹೆಬ್ಬೆರಳು ಮಾತ್ರ ಈಗಲೂ ಒಮ್ಮೊಮ್ಮೆ ತುಡಿಯುತ್ತದೆ.
ಆಗ ಅದಕ್ಕೆ ಅಂಗುಸ್ತಾನ ತೊಡಿಸುತ್ತೇನೆ:
ತಳ್ಳಲೇಬೇಕು ಅಂತಿದ್ದರೆ, ತಗೋ,
ಸೂಜಿ ತಳ್ಳು.